ತೇಲುವ ಕವರು, ಎದುರಂಗಡಿಯ ಬ್ಯಾಟರಿ

ಓದುವ ಎಲ್ಲರಿಗೂ ನಮಸ್ಕಾರ. ನನಗೆ ಬರೆದು ರೂಢಿ ಇಲ್ಲ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ, ದೀರ್ಘ ಬರಬೇಕಾದಲ್ಲಿ ಬಾರದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೇ ಮೂವತ್ತೊಂದನೇ ವಯಸ್ಸಿನಲ್ಲಿ, ಹೊರಗಿನಿಂದ ಪರೀಕ್ಷೆ ಕಟ್ಟಿ. ಅಕ್ಷರದ ತಪ್ಪಿಗೆ ಆ ನೆಪ ಹೇಳಬಹುದು. ಈಗ ಹೇಳಹೊರಟ ತಪ್ಪಿಗೆ ನೆಪ ಇಲ್ಲ.

ಇದು ೨೦೧೦ರ ಆಸುಪಾಸಿನ ಮಾತು. ಉಪ್ಪುಂದದಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಆಗ ಎಲ್ಲರ ಕೈಯಲ್ಲೂ ಗುಂಡಿ ಒತ್ತುವ ಫೋನು. ಹಿಂದಿನ ಮುಚ್ಚಳ ಜಾರಿಸಿದರೆ ಬ್ಯಾಟರಿ ಕೈಗೇ ಬರುತ್ತಿತ್ತು. ರಿಪೇರಿಗಿಂತ ಹೆಚ್ಚು ಓಡುತ್ತಿದ್ದದ್ದು ಬ್ಯಾಟರಿ, ಚಾರ್ಜರು, ಇಯರ್‌ಫೋನು, ಮೆಮೊರಿ ಕಾರ್ಡು. ನಾನು ಕಂಪನಿ ಮಾಲು ಮಾತ್ರ ಇಡುತ್ತಿದ್ದೆ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನು ಪೂರ್ತಿ ಓದಿ, ಎಷ್ಟು ವೋಲ್ಟು, ಯಾವ ಮಾರ್ಕು, ಎಷ್ಟು ತಿಂಗಳ ವಾರಂಟಿ ಎಂದು ಗಿರಾಕಿಗೆ ಕನ್ನಡದಲ್ಲಿ ಹೇಳಿ, ಬಿಲ್ ಹರಿದು ಕೊಡುತ್ತಿದ್ದೆ. ತಡವಾಗಿ ಓದು ಕಲಿತವನಿಗೆ ಓದುವುದೇ ಒಂದು ಸಡಗರ.

ನಾನು ಅಂಗಡಿ ತೆರೆದ ಎರಡು ವರ್ಷಕ್ಕೆ ರಸ್ತೆಯ ಆಚೆ, ಸರೀ ಎದುರಿಗೆ, ಇನ್ನೊಬ್ಬ ಬಂದು ಕೂತ. ಶಿರೂರು ಕಡೆಯವನು. ಮುಂಬೈಯಲ್ಲಿ ಮೊದಲು ಹೋಟೆಲಿನಲ್ಲಿ, ಆಮೇಲೆ ಫುಟ್‌ಪಾತಿನ ವ್ಯಾಪಾರದಲ್ಲಿ ಇದ್ದು ಬಂದವನು. ಅವನು ಚಾರ್ಜರುಗಳನ್ನು ಹೂವಿನ ಹಾರದ ಹಾಗೆ ನೇತುಹಾಕಿದ್ದ. ಬಿಲ್ ಪುಸ್ತಕವೇ ಇಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಯಾರಾದರೂ ಚಾರ್ಜರ್ ಕೇಳಿದರೆ ನಾಲ್ಕೈದನ್ನು ತೆಗೆದು ಅಂಗೈಯಲ್ಲಿ ಒಂದೊಂದಾಗಿ ಎತ್ತಿ ಎತ್ತಿ ತೂಕ ನೋಡುತ್ತಿದ್ದ. "ಇದ್ ಹಗೂರ. ಇದ್ರ್ ಒಳ್ಗೆ ಎಂತದೂ ಇಲ್ಲೆ. ಇದ್ ತಕಣಿ, ಭಾರ ಇತ್ತ್" ಎಂದು ಕೊಡುತ್ತಿದ್ದ. ಬ್ಯಾಟರಿಯನ್ನು ಕಪಾಟಿನ ಗಾಜಿನ ಮೇಲಿಟ್ಟು ಬೆರಳಿನಲ್ಲಿ ತಿರುಗಿಸುತ್ತಿದ್ದ. ಚಪ್ಪಟೆ ಇದ್ದರೆ ಅದು ಅಲ್ಲೇ ನಿಲ್ಲುತ್ತದೆ. ಒಳಗೆ ಉಬ್ಬಿದ್ದರೆ ಬುಗುರಿಯ ಹಾಗೆ ತಿರುಗುತ್ತದೆ. ಜನಕ್ಕೆ ಅದೇ ಒಂದು ಆಟ. ನಾನು ಐದು ನಿಮಿಷ ಓದಿ ಹೇಳಿದ್ದಕ್ಕಿಂತ ಅವನ ಆ ಒಂದು ತಿರುಗಿಸುವಿಕೆಗೆ ನಂಬಿಕೆ ಹೆಚ್ಚು.

ಒಂದು ದಿನದ್ದು ಹೇಳುತ್ತೇನೆ. ಮೀನು ಮಾರುವ ಒಬ್ಬಳು ಅಕ್ಕ ದಿನಾ ನನ್ನ ಅಂಗಡಿ ಮುಂದೆ ಬುಟ್ಟಿ ಇಳಿಸಿ ಸುಧಾರಿಸಿಕೊಂಡು ಹೋಗುತ್ತಿದ್ದಳು. ಆವತ್ತು ಫೋನು ಚಾಚಿದಳು.

"ತಮ್ಮಾ, ಇದ್ರ್ ಬ್ಯಾಟ್ರಿ ಸತ್ತ್ ಹೋಯ್ತ್ ಕಾಣ್. ಬೆಳಿಗ್ಗೆ ಚಾರ್ಜಿಗ್ ಹಾಕಿರೆ ಮೀನ್ ಖಾಲಿ ಅಪ್ಪುಕ್ ಮುಂಚೆ ಇದೇ ಖಾಲಿ."

ನಾನು ಒರಿಜಿನಲ್ ಬ್ಯಾಟರಿ ತೆಗೆದು, ಹೊಳೆಯುವ ಸ್ಟಿಕ್ಕರ್ ತೋರಿಸಿ, ನಕಲಿ ಹಾಕಿದರೆ ಏನೇನಾಗುತ್ತದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ನೀ ಹೇಳುದೆಲ್ಲ ಸಮ ಇತ್ತ್. ಓದ್ದವ ಅಲ್ದಾ. ಒಂದ್ ಗಳ್ಗೆ, ಈಗ ಬತ್ತೆ" ಎಂದು ರಸ್ತೆ ದಾಟಿದಳು.

ಅಲ್ಲಿ ಅವನು ಬ್ಯಾಟರಿ ತಿರುಗಿಸಿದ್ದು ಕಾಣಿಸಿತು, ಇಬ್ಬರೂ ನಕ್ಕದ್ದು ಕೇಳಿಸಿತು. ಹತ್ತು ನಿಮಿಷಕ್ಕೆ ವಾಪಸ್ ಬಂದಳು. ಕೈಯಲ್ಲಿ ಅವನ ಬ್ಯಾಟರಿ.

"ತಕಂಡೆ ತಮ್ಮಾ. ಈ ಮುಚ್ಲ್ ನಂಗ್ ಹಾಕುಕ್ ಬತ್ತಿಲ್ಲೆ. ನೀನೇ ಹಾಕಿ ಕೊಡ್."

ಹಾಕಿ ಕೊಟ್ಟೆ. ಎದುರಂಗಡಿಯವನ ಬ್ಯಾಟರಿಯನ್ನು ನನ್ನ ಕೈಯಿಂದಲೇ ಹಾಕಿ ಕೊಟ್ಟೆ. ಆ ದಿನ ಊಟ ಸೇರಲಿಲ್ಲ ಎಂದರೆ ನೀವು ನಗಬಹುದು.

ಹೊಟ್ಟೆಕಿಚ್ಚು ಹೇಗೆಂದರೆ, ಫೋನಿನ ಗುರುತಿನ ಐಎಂಇಐ ನಂಬರ್ ಇಲ್ಲದ ಸೆಟ್ಟುಗಳನ್ನು ಸರ್ಕಾರ ಬಂದ್ ಮಾಡಿದಾಗ ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಆ ಸೆಟ್ಟುಗಳನ್ನು ಮಾರಿದ್ದು ಅವನು. ಇನ್ನು ಜನ ಅವನಿಗೆ ಬೈಯುತ್ತಾರೆ, ನನ್ನ ಹತ್ತಿರ ಬರುತ್ತಾರೆ ಎಂದುಕೊಂಡೆ. ಜನ ಹೋಗಿ ಬೈದದ್ದು ನಿಜ. ಬೈದು, ಅಲ್ಲೇ ಸ್ಟೂಲಿನ ಮೇಲೆ ಕೂತು, ಅವನ ಹತ್ತಿರವೇ ಬೇರೆ ಸೆಟ್ಟು ತೆಗೆದುಕೊಂಡು ಎದ್ದು ಬಂದರು.

ನನ್ನ ಹತ್ತಿರ ಮಾತ್ರ ಸಿಗುವ ಒಂದು ವಸ್ತು ಬೇಕು ಅನ್ನುವ ಹಟ ಹಿಡಿದದ್ದು ಆಗ. ನಮ್ಮ ಕಡೆ ಕಡಲಿಗೆ ಹೋಗುವವರು ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಆದರೂ ಉಪ್ಪುನೀರು ಒಳಗೆ ಹೋಗುತ್ತದೆ. ಹಸಿರು ಕಿಲುಬು ಹಿಡಿದ ಬೋರ್ಡುಗಳು ವಾರಕ್ಕೆ ಮೂರ್ನಾಲ್ಕು ನನ್ನ ಮೇಜಿಗೆ ಬರುತ್ತಿದ್ದವು. ನೀರಿಗೆ ಬಿದ್ದರಂತೂ ಮುಳುಗಿಯೇ ಹೋಯಿತು. ನಾನು ದಪ್ಪ ಪ್ಲಾಸ್ಟಿಕ್ ತಂದು, ಎರಡು ಪದರದ ನಡುವೆ ತೆಳು ಸ್ಪಂಜ್ ಹಾಳೆ ಇಟ್ಟು, ಅಂಚನ್ನು ಹ್ಯಾಕ್ಸಾ ಬ್ಲೇಡಿಗೆ ಮಡಚಿ ಮೇಣದ ಬತ್ತಿಯ ಉರಿಗೆ ಹಿಡಿದು ಎಳೆದೆ. ಬ್ಲೇಡಿನ ಹೊರಗೆ ಉಳಿದ ಅಂಚು ಕರಗಿ ಎರಡು ಪದರ ಒಂದಾಗುತ್ತದೆ. ಗುಂಡಿ ಒತ್ತುವ ಮುಖದಲ್ಲಿ ಮಾತ್ರ ಸ್ಪಂಜ್ ಇಲ್ಲ. ಫೋನನ್ನು ಒಳಗಿಟ್ಟು ನಾಲ್ಕನೇ ಬದಿಯನ್ನೂ ಕರಗಿಸಿ ಮುಚ್ಚಿಬಿಟ್ಟರೆ ಹನಿ ನೀರು ಒಳಗೆ ಹೋಗದು. ಸ್ಪಂಜ್ ಇರುವುದರಿಂದ ಫೋನು ತೇಲುತ್ತದೆ.

ಚಾರ್ಜ್ ಮಾಡುವುದು ಹೇಗೆ? ದಿನಾ ಕತ್ತರಿಸಿ ಮತ್ತೆ ಮುಚ್ಚಲು ಆಗದು. ಅದಕ್ಕೆ ಪಿನ್ ಚುಚ್ಚುವಲ್ಲಿ ಸಣ್ಣ ತೂತು ಮಾಡಿ, ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ವಾಷರ್ ಕೂರಿಸಿ, ಮುಚ್ಚಲು ರಬ್ಬರ್ ಬಿರಡೆ ಕೊಟ್ಟೆ. ಫೋನು ಕವರಿನ ಒಳಗೇ ಇರುತ್ತದೆ, ಬಿರಡೆ ತೆಗೆದು ಪಿನ್ ಚುಚ್ಚಿದರಾಯಿತು. ಆ ತೂತಿನ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಪ್ರತಿ ಕವರಿನ ಮೂಲೆಗೆ ನನ್ನ ಅಂಗಡಿಯ ರಬ್ಬರ್ ಸ್ಟಾಂಪನ್ನೂ ಒತ್ತಿದೆ.

ಅಂಗಡಿ ಮುಂದೆ ಬಾಲ್ದಿಯಲ್ಲಿ ನೀರಿಟ್ಟೆ. ನನ್ನದೇ ಫೋನನ್ನು ಕವರ್ ಸಮೇತ ಅದಕ್ಕೆ ಎಸೆದು, ಅಂಗಡಿಯ ಫೋನಿನಿಂದ ಕರೆ ಮಾಡಿದೆ. ನೀರಿನ ಮೇಲೆ ತೇಲುತ್ತಾ ಅದು ಹಾಡತೊಡಗಿತು. ಜನ ಗುಂಪು ಕೂಡಿದರು. ಮಳೆಗಾಲಕ್ಕೆ ಬೋಟುಗಳು ದಡ ಸೇರಿದ್ದ ಸಮಯ, ಬೋಟಿನವರಿಗೆಲ್ಲ ಪುರುಸೊತ್ತು. ಒಬ್ಬ ನೋಡಿ ಹೋಗಿ ನಾಲ್ಕು ಜನರನ್ನು ಕಳಿಸುತ್ತಿದ್ದ. ಮೀನಿನ ಅಕ್ಕನ ಗಂಡ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಅವನು ಬಂದು ತನಗೂ ಹೆಂಡತಿಗೂ ತನ್ನ ಬೋಟಿನವರಿಗೂ ಮಾಡಿಸಿಕೊಂಡ. ಎರಡು ತಿಂಗಳು ನಾನು ತಲೆ ಎತ್ತದೆ ಪ್ಲಾಸ್ಟಿಕ್ ಕರಗಿಸಿದೆ. ಆ ಗಡಿಬಿಡಿಯಲ್ಲಿ ಕವರಿಗೆ ಬಿಲ್ ಬರೆಯಲಿಲ್ಲ. ಮನೆಯಲ್ಲಿ ಮಾಡಿದ ವಸ್ತುವಿಗೆ ಎಂಥ ಬಿಲ್ ಎಂದು ಸುಮ್ಮನಾದೆ.

ಎದುರಂಗಡಿಯವನೂ ಒಂದು ದಿನ ರಸ್ತೆ ದಾಟಿ ಬಂದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಮಾಸ್ಟ್ರು ಎಂದು. ಕವರನ್ನು ಕೈಯಲ್ಲಿ ಹಿಡಿದು, ಹಿಂದುಮುಂದು ತಿರುಗಿಸಿ, ಸ್ಪಂಜನ್ನು ಹಿಸುಕಿ ನೋಡಿದ.

"ಹ್ವಾಯ್ ಮಾಸ್ಟ್ರೇ, ಫೋನಿಗ್ ಕಂಬ್ಳಿ ಹೊದ್ಸಿರ್ಯಾ? ಬೆವ್ರತ್ತ್ ಕಾಣಿ!"

"ನಿಮ್ ಅಂಗ್ಡಿಯಗೆ ತೇಲುದ್ ಎಂತಾರೂ ಇತ್ತಾ?" ಎಂದೆ.

"ನಮ್ದೆಲ್ಲ ಮುಳ್ಗುದೇ ಮಾರ್ರೆ" ಎಂದು ನಗುತ್ತಾ ಹೋದ.

ಅವನಿಗೆ ಹೊಟ್ಟೆ ಉರಿಯಿತು ಎಂದು ಆ ಸಂಜೆಯೆಲ್ಲ ಹಿಗ್ಗಿದೆ. ಉರಿಯುವುದೆಂದರೆ ಏನೆಂದು ನನಗೆ ಗೊತ್ತಿತ್ತಲ್ಲ, ಹಾಗಾಗಿ ಅವನಿಗೂ ಅದೇ ಆಗಿದೆ ಎಂದುಕೊಂಡೆ.

ಮಳೆ ಕಡಿಮೆಯಾಗುತ್ತಾ ಬಂತು. ಸೋಮವಾರ ಬೋಟುಗಳು ಕಡಲಿಗೆ ಇಳಿಯುತ್ತವೆ ಎಂದು ನಿಶ್ಚಯವಾಯಿತು. ಅದರ ಹಿಂದಿನ ಗುರುವಾರ ಬೆಳಿಗ್ಗೆ ಮೀನಿನ ಅಕ್ಕ ಬಂದಳು. ತಲೆಯ ಮೇಲೆ ಬುಟ್ಟಿ ಇಲ್ಲ. ಕೈಯಲ್ಲೊಂದು ತೊಟ್ಟೆ. ಅದರಿಂದ ಕರಗಿ ಕಪ್ಪಾದ ಒಂದು ಮುದ್ದೆಯನ್ನೂ ಬಲೆಯ ಒಂದು ತುಂಡನ್ನೂ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಬಲೆ ಸುಟ್ಟ್ ಹೋಯ್ತ್ ತಮ್ಮಾ. ಜಗ್ಲಿಯಗೆ ಬಲೆ ರಾಶಿ ಇತ್ತ್. ಅದ್ರ್ ಮೇಲೆ ಫೋನ್ ಇಟ್ಕಂಡ್ ಚಾರ್ಜಿಗ್ ಹಾಕಿದ್ದೆ. ನಾನ್ ಒಳ್ಗೆ ಮೀನ್ ಕೊರೀತಿದ್ದೆ. ವಾಸ್ನಿ ಬಂತಂದ್ ಹೊರ್ಗ್ ಬಂದ್ ಕಂಡ್ರೆ ಹೊಗಿ! ಒಂದ್ ಕೊಡ ನೀರ್ ಹೊಯ್ದೆ ಕಾಣ್. ಇಲ್ದಿದ್ರೆ ಮನೆ ಮಾಡೂ ಸುಟ್ಟ್ ಹೋತಿತ್ತ್."

ನನ್ನ ಬಾಯಿಂದ ಮೊದಲು ಬಂದ ಮಾತು, ಯಾರಿಗಾದರೂ ಪೆಟ್ಟಾಯಿತಾ ಎಂದಲ್ಲ. "ಬ್ಯಾಟ್ರಿ ಯಾರದ್ದ್ ಅಕ್ಕಾ?" ಎಂದು ಕೇಳಿದೆ.

"ಅವಂದೇ. ನೀನೇ ಹಾಕಿ ಕೊಟ್ಟಿದ್ಯಲೆ."

ಆ ಕ್ಷಣ ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. ಸುಟ್ಟ ಬಲೆ ಮೇಜಿನ ಮೇಲಿದೆ, ನನ್ನ ಎದೆಯಲ್ಲಿ 'ಸಿಕ್ಕಿಬಿದ್ದ' ಅನ್ನುವ ಒಂದೇ ಮಾತು.

ಗ್ರಾಹಕರ ಹಕ್ಕಿನ ಬಗ್ಗೆ ಒಂದು ಸಣ್ಣ ಪುಸ್ತಿಕೆ ನನ್ನ ಹತ್ತಿರ ಇತ್ತು. ದೂರು ಕೊಡುವುದು ಹೇಗೆ, ಏನೇನು ಲಗತ್ತಿಸಬೇಕು ಎಂದು ಅದರಲ್ಲಿ ಬರೆದಿತ್ತು. ಉಡುಪಿಯ ಗ್ರಾಹಕರ ನ್ಯಾಯಾಲಯಕ್ಕೆ ಅಕ್ಕನ ಹೆಸರಿನಲ್ಲಿ ದೂರು ಬರೆದೆ. "ಮಾರ್ಕು ಇಲ್ಲದ, ಸುರಕ್ಷತೆ ಇಲ್ಲದ ನಕಲಿ ಬ್ಯಾಟರಿ" ಎಂದು ಶುರುಮಾಡಿ ಎರಡು ಪುಟ. ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ ನಾನೇ ಕೂತು ಟೈಪ್ ಮಾಡಿದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಓದಿ ಹೇಳಿದಾಗ ಅಕ್ಕ ಕೇಳಿದಳು:

"ಅವ್ನ್ ಅಂಗ್ಡಿ ಮುಚ್ಸುದಾ ತಮ್ಮಾ?"

"ಮುಚ್ಚುಕೂ ಸಾಕ್."

"ಪಾಪ, ಅವ ಹಾಂಗಿನವ ಅಲ್ಲ..." ಎಂದು ಸೀರೆಯ ಸೆರಗು ತಿರುಚಿದಳು. "ನಂಗೆಂತ ಗೊತ್ತ್. ನೀ ಓದ್ದವ. ನೀ ಸಮ ಅಂದ್ರೆ ಸೈನ್ ಹಾಕ್ತೆ."

ಆದರೆ ಬಿಲ್ ಇಲ್ಲ. ಬಿಲ್ ಇಲ್ಲದೆ ಖರೀದಿಗೆ ಸಾಕ್ಷಿ ಏನು? ಶುಕ್ರವಾರ, ಅವನು ಅಂಗಡಿ ತೆರೆದ ಮೇಲೆ ಮೊದಲ ಸಲ, ನಾನು ರಸ್ತೆ ದಾಟಿದೆ. ಅವನು ಸ್ಟೂಲನ್ನು ಒರೆಸಿ ಮುಂದಿಟ್ಟ.

"ಬನ್ನಿ ಬನ್ನಿ! ಇವತ್ತ್ ಎಂತ ಮಳಿ ಬತ್ತೋ!"

ಅಕ್ಕನ ಫೋನಿಗೆ ಹಾಕಿದಂಥದ್ದೇ ಒಂದು ಬ್ಯಾಟರಿ, ಒಂದು ಚಾರ್ಜರ್ ಕೇಳಿದೆ. ಬಿಲ್ ಬೇಕು ಎಂದೆ. ಅವನು ನಕ್ಕುಬಿಟ್ಟ.

"ನಂಗೆ ಬರೂಕ್ ಬತ್ತಿಲ್ಲೆ ಅಂದ್ ಗೊತ್ತಿಲ್ಯಾ? ನಿಮ್ ಪುಸ್ತಕ್ದಂಗೆ ನೀವೇ ಬರ್ಕಣಿ. ನಾನ್ ಸೈನ್ ಹಾಕ್ತೆ."

ಒಂದು ಬಿಳಿ ಹಾಳೆಯ ಕೆಳಗೆ, ನಾಲಿಗೆ ಕಚ್ಚಿಕೊಂಡು, ಮೂರು ಅಕ್ಷರದ ತನ್ನ ಹೆಸರನ್ನು ಬರೆದು ಕೊಟ್ಟ. ಮೇಲೆ ಏನು ಬರೆಯುತ್ತೇನೆ ಎಂದು ಕೇಳಲಿಲ್ಲ. ನಾನು ಹಾಳೆ ಮಡಚಿ ಜೇಬಿಗಿಟ್ಟೆ. ಅಕ್ಕನ ಹೆಸರನ್ನೂ ಹಿಂದಿನ ತಾರೀಖನ್ನೂ ತುಂಬುವುದು ನನ್ನ ಲೆಕ್ಕಾಚಾರ.

ಇನ್ನು ಬೇಕಾದದ್ದು ಪರೀಕ್ಷೆಯ ವರದಿ. ನನಗೆ ಎಸ್ಸೆಸ್ಸೆಲ್ಸಿಗೆ ಪಾಠ ಹೇಳಿಕೊಟ್ಟಿದ್ದ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ತಿರ ಹೋದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಯ ಬೀಗ ತೆಗೆದು, ಉದ್ದ ಥರ್ಮಾಮೀಟರುಗಳನ್ನು ಕೊಟ್ಟು, ತಾವು ಉತ್ತರಪತ್ರಿಕೆ ತಿದ್ದುತ್ತಾ ಕೂತರು.

ಒಂದೇ ಮಾದರಿಯ ಎರಡು ಫೋನು ತಂದಿದ್ದೆ. ಒಂದಕ್ಕೆ ಕಂಪನಿ ಬ್ಯಾಟರಿ, ಕಂಪನಿ ಚಾರ್ಜರ್. ಇನ್ನೊಂದಕ್ಕೆ ಎದುರಂಗಡಿಯವು. ಮೊದಲು ಮಲ್ಟಿಮೀಟರ್ ಹಿಡಿದೆ. ನನ್ನ ಚಾರ್ಜರಿನಲ್ಲಿ ಬರೆದಷ್ಟೇ ವೋಲ್ಟು. ಅವನದ್ದರಲ್ಲಿ ಬರೆದದ್ದು ಐದು, ಬಂದದ್ದು ಏಳರ ಮೇಲೆ. ಆಮೇಲೆ ಬ್ಯಾಟರಿಗೆ ಥರ್ಮಾಮೀಟರ್ ಅಂಟಿಸಿ, ಹತ್ತು ಹತ್ತು ನಿಮಿಷಕ್ಕೆ ಬರೆದುಕೊಂಡೆ. ಗಂಟೆ ಕಳೆದಾಗ ನನ್ನದು ಮೂವತ್ತಾರು ಡಿಗ್ರಿ, ಅವನದ್ದು ನಲವತ್ತೆರಡು. ಸಾಕಲ್ಲ, ಪುಸ್ತಕ ಮುಚ್ಚಿದೆ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ನಲವತ್ತೆರಡಕ್ಕೆ ಬಲೆ ಸುಡ್ತದಾ?"

"ಇಲ್ಲ ಸರ್. ಆದ್ರೆ ಬ್ಯಾಟರಿ ಸರಿ ಇಲ್ಲ ಅಂತ ಆಯ್ತಲ್ಲ."

"ಸುಟ್ಟಾಗ ಫೋನ್ ಹೀಗೇ ಇತ್ತಾ, ಬರಿ ಮೈಯಲ್ಲಿ?"

ಅಕ್ಕ ಕೊಟ್ಟಿದ್ದ ಮುದ್ದೆಯನ್ನು ಸಾಕ್ಷಿಗೆಂದು ತಂದಿದ್ದೆ, ಅದು ಅಲ್ಲೇ ಮೇಜಿನ ಮೇಲಿತ್ತು. ಅದರ ಒಂದು ಮೂಲೆ ಸುಟ್ಟಿರಲಿಲ್ಲ. ಅಲ್ಲಿ ನನ್ನ ಸ್ಟಾಂಪು ನೀಲಿಯಾಗಿ ಕಾಣುತ್ತಿತ್ತು. ಮೂರು ದಿನ ಅದನ್ನು ಕೈಯಲ್ಲಿ ಹಿಡಿದು ತಿರುಗಿದ್ದೇನೆ. ಅವನ ಬ್ಯಾಟರಿಯನ್ನು ಬಿಟ್ಟು ಬೇರೇನೂ ಕಣ್ಣಿಗೆ ಬಿದ್ದಿರಲಿಲ್ಲ.

"ಕವರ್ ಹಾಕಿ ನೋಡು. ಎರಡಕ್ಕೂ" ಎಂದರು ಮೇಷ್ಟ್ರು.

ಎರಡಕ್ಕೂ ಕವರ್ ಹಾಕಿ ನಾಲ್ಕೂ ಬದಿ ಕರಗಿಸಿದೆ. ಒಂದು ಮೂಲೆ ಕತ್ತರಿಸಿ ಥರ್ಮಾಮೀಟರಿನ ಬುಡವನ್ನು ಒಳಗೆ ಸೇರಿಸಿ ಸುತ್ತ ಟೇಪ್ ಸುತ್ತಿದೆ. ನನ್ನ ಪ್ರೀತಿಯ ತೂತಿನಲ್ಲಿ ಪಿನ್ ಚುಚ್ಚಿದೆ. ಅರ್ಧ ಗಂಟೆಗೆ ನನ್ನ ಒರಿಜಿನಲ್ ಬ್ಯಾಟರಿ ನಲವತ್ತೆಂಟು ದಾಟಿ ಮೇಲೇರುತ್ತಲೇ ಇತ್ತು. ಅವನದ್ದು ಅರವತ್ತರ ಹತ್ತಿರ. ಕವರಿನ ಬೆನ್ನು ಉಬ್ಬಿಕೊಂಡು ಬಂತು, ಒಳಗಿಂದ ಸಿಹಿಸಿಹಿಯಾದ ಕೆಟ್ಟ ವಾಸನೆ. ಮೇಷ್ಟ್ರು ಎದ್ದು ಬಂದು ಸ್ವಿಚ್ ಆರಿಸಿ, ಇಕ್ಕಳದಲ್ಲಿ ಹಿಡಿದು ಅದನ್ನು ಅಂಗಳದ ಮರಳಿಗೆ ಎಸೆದರು. ಅಲ್ಲಿ ಅದು ಬುಸ್ಸೆಂದು ಹೊಗೆ ಬಿಟ್ಟು ಸುಮ್ಮನಾಯಿತು.

"ಬರಿ" ಎಂದರು.

ಬರೆದೆ. ಕವರ್ ಇಲ್ಲದ ಎರಡು ಕಾಲಂ, ಕವರ್ ಹಾಕಿದ ಎರಡು. ಅವರು ನನ್ನ ಪುಸ್ತಕವನ್ನೂ ಟೈಪ್ ಮಾಡಿದ ದೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. "ಪುಸ್ತಕದಲ್ಲಿ ನಾಲ್ಕು ಕಾಲಂ ಉಂಟು. ದೂರಿನಲ್ಲಿ ಒಂದೇ ಉಂಟಲ್ಲ ಮಾರಾಯ" ಎಂದು ಬೀಗದ ಕೈ ತೆಗೆದುಕೊಂಡು ಹೊರಟರು.

ಭಾನುವಾರ ಅಂಗಡಿ ತೆರೆಯಲಿಲ್ಲ. ದೂರು ಕಳಿಸಿದರೆ ನನ್ನ ಕವರಿನ ಬಗ್ಗೆ ಯಾರೂ ಕೇಳಲಿಕ್ಕಿಲ್ಲ ಅನ್ನುವುದು ಗೊತ್ತಿತ್ತು. ಮಾರ್ಕಿಲ್ಲದ ಬ್ಯಾಟರಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸ್ಪಂಜ್ ಹಾಕಿದ ಪ್ಲಾಸ್ಟಿಕ್ ಕವರಿಗೆ ಯಾವ ಮಾರ್ಕು, ಯಾವ ಕಾನೂನು? ಅವನ ಅಂಗಡಿ ಹೋಗುತ್ತದೆ, ನನ್ನದು ಉಳಿಯುತ್ತದೆ. ಇಷ್ಟು ವರ್ಷ ಬೇಡಿಕೊಂಡದ್ದೇ ಅದನ್ನು. ಆದರೆ ಬೋಟಿನ ಕ್ಯಾಬಿನ್ ನನ್ನ ಕಣ್ಣ ಮುಂದೆ ಬರುತ್ತಿತ್ತು. ಎಂಜಿನ್ ಬ್ಯಾಟರಿಯಿಂದ ವಯರ್ ಎಳೆದು ಒಂದೇ ಹಲಗೆಗೆ ಐದಾರು ಚಾರ್ಜರ್ ಸಿಕ್ಕಿಸಿರುತ್ತಾರೆ. ಪಕ್ಕದಲ್ಲೇ ಡೀಸೆಲ್ ಕ್ಯಾನು, ಹಗ್ಗದ ಸುರುಳಿ, ಮಲಗುವ ಚಾಪೆ. ದಡದಿಂದ ಎಷ್ಟೋ ದೂರ. ಅಲ್ಲಿ ನನ್ನ ಕವರಿನೊಳಗೆ ಫೋನುಗಳು ಕಾದು ಬಿಸಿಯಾಗುತ್ತಿರುತ್ತವೆ. ಅಕ್ಕನ ಜಗಲಿಯಲ್ಲಿ ಒಂದು ಕೊಡ ನೀರಿಗೆ ಆರಿತು, ಅಲ್ಲಿ?

ಯಾರ್ಯಾರಿಗೆ ಕೊಟ್ಟೆ ಎಂದು ಹುಡುಕೋಣವೆಂದರೆ ಬಿಲ್ ಇಲ್ಲ. ಊರಿಗೆಲ್ಲ ಬಿಲ್ಲಿನ ಮಹತ್ವ ಹೇಳಿದವನ ಹತ್ತಿರ ಕವರಿನ ಒಂದು ಬಿಲ್ಲೂ ಇಲ್ಲ. ಉಳಿದದ್ದು ಒಂದೇ ದಾರಿ: ಎಲ್ಲರೂ ಒಟ್ಟಿಗೆ ಸಿಗುವ ಜಾಗಕ್ಕೆ, ಅವರು ಹೊರಡುವ ಮೊದಲು ಹೋಗುವುದು.

ಸೋಮವಾರ ಬೆಳಕು ಹರಿಯುವಾಗ ಕೊಡೇರಿಯಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿದ್ದೆ. ಬೋಟುಗಳಿಗೆ ಐಸ್ ತುಂಬುತ್ತಿದ್ದರು, ಡೀಸೆಲ್ ಏರಿಸುತ್ತಿದ್ದರು. ಖಾಲಿ ಮೀನಿನ ಪೆಟ್ಟಿಗೆ ಕವುಚಿ ಹಾಕಿ ಅದರ ಮೇಲೆ ನಿಂತು ಕೂಗಿದೆ: ನನ್ನ ಕವರಿನೊಳಗೆ ಇಟ್ಟು ಚಾರ್ಜ್ ಮಾಡಬೇಡಿ, ಬೆಂಕಿ ಹಿಡಿಯುತ್ತದೆ, ಕವರ್ ವಾಪಸ್ ಕೊಡಿ.

"ಎಂತ ಸಾವ್ ಮಾರ್ರೆ! ತೇಲತ್ತ್ ಅಂದಿದ್ರಿ, ಈಗ ಉರಿತ್ತ್ ಅಂತ್ರಿ!"

"ವಾಪಸ್ ಕೊಟ್ರೆ, ಫೋನ್ ಕಡ್ಲಿಗ್ ಬಿದ್ರೆ ನೀವ್ ಈಜಿ ತಕಂಡ್ ಬತ್ರ್ಯಾ?"

ದಕ್ಕೆಯಿಡೀ ನಗು. ತಾಂಡೇಲ ಮುಂದೆ ಬಂದ. ಅವನ ಮನೆಯದ್ದೇ ಬಲೆ ಸುಟ್ಟದ್ದು, ಅವನು ನಗುತ್ತಿರಲಿಲ್ಲ.

"ಎದ್ರಂಗ್ಡಿಯವ ಆವತ್ತೇ ಹೇಳಿದ್ದ, ಚಾರ್ಜಿಗ್ ಹಾಕುವತಿಗೆ ಕವರ್ ತೆಗೀಕ್ ಅಂದ್ಕಂಡ್. ಬ್ಯಾಟ್ರಿ ತಕಂಬುಕ್ ಬಂದವ್ರಿಗೆಲ್ಲ ಹೇಳ್ತಿದ್ದ."

"ಮತ್ತೆ ಎಂತಕೆ ಕೇಣ್ಲಿಲ್ಲೆ?"

"ನೀವ್ ಓದ್ದವ್ರ್. ಪಿನ್ನಿಗೆ ಹೊಂಡ ನೀವೇ ಇಟ್ಟಿದ್ರಿ. ಅಡ್ಡಿಲ್ಲೆ ಅಂದೇ ಇಟ್ಟದ್ದ್ ಅಂದ್ಕಂಡ್ ನಾವ್ ಸುಮ್ನಾಯ್ತ್."

ಪೆಟ್ಟಿಗೆಯಿಂದ ಕೆಳಗಿಳಿದೆ. ನನ್ನ ಓದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಕೊರಗುತ್ತಿದ್ದವನು ನಾನು. ಒಂದು ಸಲ ತೆಗೆದುಕೊಂಡಿದ್ದರು. ಅದು ಹೀಗೆ. ಕಂಬಳಿ, ಬೆವರು ಎಂದು ಅವನು ನಕ್ಕದ್ದೂ ಆಗಲೇ ನೆನಪಾದದ್ದು. ಅವನು ನನಗೂ ಹೇಳಿದ್ದ.

ಕವರ್ ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ನೀರಿಗೆ ಬಿದ್ದ ಫೋನು ಮುಳುಗಬಾರದು ಅನ್ನುವುದು ಅವರ ನ್ಯಾಯ, ಅದೂ ಸರಿಯೇ. ಸ್ವಲ್ಪ ಯೋಚಿಸಿ ಬೇರೆ ಉಪಾಯ ಹಿಡಿದೆ. ವಾಷರ್ ಕಿತ್ತು, ಪಿನ್ನಿನ ತೂತನ್ನು ಕರಗಿಸಿ ಪೂರ್ತಿ ಮುಚ್ಚಿಬಿಡುವುದು. ಮೇಲಿನ ಬದಿ ಕತ್ತರಿಸಿ ತೆರೆದು, ಮೂರು ಮಡಿಕೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುವುದು. ಆಗ ಚಾರ್ಜ್ ಮಾಡಬೇಕೆಂದರೆ ಫೋನು ಹೊರಗೆ ತೆಗೆಯಲೇಬೇಕು. ನೀರು ಸ್ವಲ್ಪ ಹೋಗಬಹುದು, ಆದರೆ ತೇಲುತ್ತದೆ. ಅದಕ್ಕೆ ಒಪ್ಪಿದರು.

ದಕ್ಕೆಯ ಮೂಲೆಯಲ್ಲಿ ಬ್ಲೇಡು, ಬತ್ತಿ ಹಿಡಿದು ಕೂತೆ. ಕಡಲ ಗಾಳಿಗೆ ಬತ್ತಿ ನಿಲ್ಲಲೊಲ್ಲದು. ಹಚ್ಚಿದ್ದು ಆರುತ್ತದೆ, ಅರ್ಧ ಕರಗಿದ ಅಂಚು ಸುರುಟಿಕೊಳ್ಳುತ್ತದೆ. ಮುಂದೆ ಬೋಟಿನವರ ಸಾಲು. ಏಳೆಂಟು ಕವರ್ ಆಗುವಷ್ಟರಲ್ಲಿ ಗಾಳಿ ತಟ್ಟನೆ ನಿಂತಿತು. ತಲೆ ಎತ್ತಿದರೆ ಎದುರಂಗಡಿಯವ, ಸುದ್ದಿ ಕೇಳಿ ಬಂದು, ಎಲ್ಲಿಂದಲೋ ತಗಡಿನ ಹಾಳೆ ತಂದು ಅಡ್ಡ ಹಿಡಿದು ನಿಂತಿದ್ದಾನೆ.

"ಸುರು ಮಾಡಿ ಮಾಸ್ಟ್ರೇ. ಹೀಂಗಾರೆ ಬೋಟ್ ಹೋಪುದ್ ಯಾವತ್ತಿಗೆ?"

ಅವನು ಬಂದದ್ದೇ ಸಾಲಿನವರ ಮುಖ ಬದಲಾಯಿತು. ಒಬ್ಬ ಅವನ ಹೆಗಲಿಗೆ ಕೈ ಹಾಕಿದ, ಒಬ್ಬ ಬೀಡಿ ಕೊಟ್ಟ. ಕೆಲಸ ನನ್ನದು, ಮಾತೆಲ್ಲ ಅವನ ಹತ್ತಿರ. ತಪ್ಪು ಒಪ್ಪಿಕೊಂಡು ನೆಲದಲ್ಲಿ ಕೂತ ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು.

ಜನ ಕರಗಿದ ಮೇಲೆ ಜೇಬಿನಿಂದ ಅವನು ಸೈನ್ ಹಾಕಿದ ಖಾಲಿ ಹಾಳೆ ತೆಗೆದು ಅವನ ಕೈಯಲ್ಲಿಟ್ಟೆ. ದೂರಿನ ವಿಷಯ, ಅಕ್ಕನ ಹೆಸರು, ಹಳೆಯ ತಾರೀಖು, ಎಲ್ಲ ಹೇಳಿದೆ. ಅವನು ತಗಡನ್ನು ಬತ್ತಿಗೆ ಅಡ್ಡವಾಗಿ ಪೆಟ್ಟಿಗೆಗೆ ಒರಗಿಸಿದ.

"ಕೋರ್ಟಿಗ್ ಹಾಕುದಾದ್ರೆ ನನ್ನತ್ರ ಹೇಳ್ಕಿತ್ತ್ ಮಾರ್ರೆ" ಎಂದ. "ಉಬ್ಬಿದ್ ಬ್ಯಾಟ್ರಿ ಒಂದ್ ಬುಟ್ಟಿ ಇತ್ತ್. ಸಾಕ್ಷಿಗೆ ನಾನೇ ಕೊಡ್ತಿದ್ದೆ."

"ಬುಟ್ಟಿ ತುಂಬುವಷ್ಟ್ ಉಬ್ಬಿದ್ರೂ ಮಾರಿದ್ರ್ಯಾ?"

"ಉಬ್ಬಿದ್ ತಂದ್ರೆ ಬದ್ಲ್ ಕೊಡ್ತೆ. ಇಲ್ಲೆ ಅಂದಿದ್ದಿಲ್ಲೆ ಯಾರಿಗೂ."

"ಉಬ್ಬುಕ್ ಮುಂಚೆ ಸುಟ್ರೆ?"

ಅವನ ನಗು ಹೋಯಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬತ್ತಿಯ ಉರಿಗೆ ಹಿಡಿದ. "ಆ ಪೆಟ್ಟಿಗಿ ಮೇಲೆ ಇಂಗ್ಲಿಷಗೆ ಎಂತೆಂತದೋ ಬರ್ದಿರತ್ತ್. ನಂಗೆ ಯಾರ್ ಓದಿ ಹೇಳ್ತ್ರ್?" ಎಂದ.

ದೂರು ಉಡುಪಿಗೆ ಹೋಗಲಿಲ್ಲ. ಅದಾದ ಮೇಲೆ ಎರಡು ಮಧ್ಯಾಹ್ನ ನಾನು ಅಕ್ಕನ ಜಗಲಿಯಲ್ಲಿ ಕೂತೆ. ಬಲೆ ಹೆಣೆಯಲು ನನಗೆ ಬಾರದು. ಅಕ್ಕ ಸುಟ್ಟಲ್ಲಿ ಕತ್ತರಿಸಿ ಹೆಣೆಯುವಾಗ ಇನ್ನೊಂದು ತುದಿಯನ್ನು ಕಾಲಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದುಕೊಳ್ಳುವುದು ನನ್ನ ಕೆಲಸ. "ಎಸ್ಸೆಸ್ಸೆಲ್ಸಿಯಗೆ ಇದ್ ಕಲ್ಸುದಿಲ್ಯಾ ತಮ್ಮಾ?" ಎಂದು ಅವಳು ನಕ್ಕಳು. ಎದುರಂಗಡಿಯವ ಬುಟ್ಟಿಯ ಬ್ಯಾಟರಿಗಳನ್ನೂ ಅದೇ ಜಾತಿಯ ಉಳಿದ ಮಾಲನ್ನೂ ತನಗೆ ಮಾಲು ಹಾಕುವ ವ್ಯಾಪಾರಿಗೇ ವಾಪಸ್ ಕಳಿಸಿದ. ಆಮೇಲೆ ಅವನಿಗೆ ಪಾರ್ಸೆಲ್ ಬಂದಾಗಲೆಲ್ಲ ನಾನು ರಸ್ತೆ ದಾಟಿ ಹೋಗಿ ಪೆಟ್ಟಿಗೆಯ ಮೇಲಿನದ್ದು ಓದಿ ಹೇಳುತ್ತಿದ್ದೆ. ಕೆಲವು ವರ್ಷದ ಮೇಲೆ ಚಾರ್ಜರಿಗೆ, ಬ್ಯಾಟರಿಗೆ ಕಡ್ಡಾಯ ಮಾರ್ಕಿನ ಕಾನೂನು ಬಂದಾಗ ಆ ನಂಬರುಗಳನ್ನೂ ಓದಿದೆ. ನಾನು ಓದುತ್ತೇನೆ, ಅವನು ಕೇಳಿ, ಆಮೇಲೂ ಒಮ್ಮೆ ಅಂಗೈಯಲ್ಲಿ ತೂಗಿ ನೋಡುತ್ತಾನೆ.

ನನ್ನ ಅಂಗಡಿ ಮುಂದೆ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿದ್ದೇನೆ: "ಕವರಿನೊಳಗೆ, ಹಾಸಿಗೆಯ ಮೇಲೆ, ಬಲೆಯ ಮೇಲೆ ಇಟ್ಟು ಫೋನ್ ಚಾರ್ಜ್ ಮಾಡಬೇಡಿ." ಜನ ನಿಂತು ಓದುತ್ತಾರೆ. ಓದಿದ ಮೇಲೆ ರಸ್ತೆ ದಾಟುತ್ತಾರೆ. "ಹ್ವಾಯ್, ಅಲ್ಲ್ ಬರ್ದದ್ದ್ ಹೌದಾ?" ಎಂದು ಅವನನ್ನು ಕೇಳುತ್ತಾರೆ. "ಹೌದ್ ಮಾರ್ರೆ, ಮಾಸ್ಟ್ರ್ ಸುಮ್ನೆ ಬರೂದಿಲ್ಲೆ" ಅನ್ನುತ್ತಾನೆ ಅವನು. ಆಮೇಲೆ ನಂಬುತ್ತಾರೆ. ನಂಬಿದರಲ್ಲ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಮನಸ್ಸು ಕೇಳುತ್ತದೆ. ಹೊಟ್ಟೆ ಇನ್ನೂ ಕೇಳಿಲ್ಲ.

ನಿಮ್ಮ ಅಂಗಡಿಗೂ ಒಂದು ಎದುರಂಗಡಿ ಇದ್ದೀತು. ಉಬ್ಬಿದ ಬ್ಯಾಟರಿಯೋ, ಕೈಗೆ ಹೊಡೆದ ಚಾರ್ಜರೋ, ನೀವೇ ಮಾಡಿ ಮಾರಿದ ಯಾವುದಾದರೂ ಜಾಣತನದ ತೂತೋ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ನಾನು ನಿಧಾನಕ್ಕೆ ಓದುತ್ತೇನೆ, ಆದರೆ ಸಣ್ಣ ಅಕ್ಷರವನ್ನೂ ಬಿಡುವುದಿಲ್ಲ.